ಮತಯಂತ್ರದ ಮೇಲೆ ಸಂಶಯ: ನಮ್ಮವರೊಡನೆ ಮಾತನಾಡುವುದು ಹೇಗೆ?



ಕೆಲವು ತಿಂಗಳ ಹಿಂದಿನ ಮಾತು. ನಮ್ಮ ಕಾಸರಗೋಡಿನ ಮಾಸಿಕ ಸಭೆಯ ಕಲಾಪ ಮುಗಿದು ಚಹಾ ಬಂದಿತ್ತು. ಮಾತು ಚುನಾವಣೆಯ ಕಡೆಗೆ ಹೊರಳಿತು. ಸಂಘದ ಹಿರಿಯ ಸದಸ್ಯರೊಬ್ಬರು, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವರು, ನಾವೆಲ್ಲ ಮಾಸ್ಟ್ರು ಎಂದೇ ಕರೆಯುವವರು, ಲೋಟ ಕೆಳಗಿಟ್ಟು ಹೇಳಿದರು: “ನಾನಂತೂ ಇನ್ನು ಓಟಿಗೆ ಹೋಗುವುದಿಲ್ಲ. ಯಾರು ಗೆಲ್ಲಬೇಕು ಅಂತ ಮೊದಲೇ ಮೆಶಿನಿನೊಳಗೆ ತುಂಬಿಸಿ ಇಡ್ತಾರೆ. ನಾವು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವುದು ಅಷ್ಟೇ.”

ಇಬ್ಬರು ಯುವಕರು ನಕ್ಕರು. ಆ ರಾತ್ರಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇದೇ ವಿಷಯದ ಒಂದು ನಗೆಚಿತ್ರ ಹಾಕಿದರು. ಬೆಳಗಾಗುವಾಗ ಮಾಸ್ಟ್ರು ಗುಂಪಿನಿಂದ ಹೊರಗೆ ಹೋಗಿದ್ದರು. ಮುಂದಿನ ಎರಡು ಸಭೆಗಳಿಗೂ ಬರಲಿಲ್ಲ.

ಹೊಸೂರು, ಸೊಲ್ಲಾಪುರ, ರಾಯದುರ್ಗದ ಕಡೆಯ ಮಿತ್ರರು ಫೋನಿನಲ್ಲಿ ಸಿಕ್ಕಾಗ ಅವರೂ ಇಂಥದ್ದೇ ಕಥೆ ಹೇಳುತ್ತಾರೆ. ಮನೆಯಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಆದ್ದರಿಂದ ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಪಕ್ಷದ ಪರವಾಗಿಯೂ ಅಲ್ಲ, ವಿರೋಧವಾಗಿಯೂ ಅಲ್ಲ.

ಮೊದಲು ಮಾಡಿದ ತಪ್ಪು

ನಿವೃತ್ತಿಗೆ ಮುಂಚೆ ಗುಮಾಸ್ತನಾಗಿದ್ದಾಗ ಹಲವು ಚುನಾವಣೆಗಳಲ್ಲಿ ಪೋಲಿಂಗ್ ಡ್ಯೂಟಿ ಮಾಡಿದವನು ನಾನು. ಮತಪೆಟ್ಟಿಗೆಯನ್ನೂ ಹೊತ್ತಿದ್ದೇನೆ, ಮತಯಂತ್ರವನ್ನೂ ಹೊತ್ತಿದ್ದೇನೆ. ಹಾಗಾಗಿ “ನನಗೆ ಗೊತ್ತಿಲ್ಲದ್ದು ಎಂಥದು” ಎಂಬ ಗತ್ತಿನಲ್ಲಿ ಮಾಸ್ಟ್ರಿಗೆ ಏಳೆಂಟು ಪತ್ರಿಕಾ ವರದಿಗಳನ್ನು ಒಂದರ ಹಿಂದೆ ಒಂದರಂತೆ ಕಳುಹಿಸಿದೆ. ಅವರಿಂದ ಬಂದದ್ದು ಒಂದೇ ಸಾಲು: “ಕಾರ್ಯದರ್ಶಿಗಳೇ, ನೀವೂ ಅವರ ಪೈಕಿಯವರೇ ಅಂತ ಈಗ ಗೊತ್ತಾಯ್ತು.”

ಕಡತದ ಕೆಲಸದಲ್ಲಿ ಒಂದು ಪಾಠ ಉಂಟು. ಅರ್ಜಿದಾರ ಕೇಳಿದ್ದು ಏನೆಂದು ಓದದೆ ಉತ್ತರ ಬರೆದರೆ ಆ ಅರ್ಜಿ ಮತ್ತೆ ಬರುತ್ತದೆ. ನಾನು ಮಾಸ್ಟ್ರ ಅರ್ಜಿಯನ್ನೇ ಓದಿರಲಿಲ್ಲ.

ಮನೆಗೆ ಹೋದೆ

ಒಂದು ಭಾನುವಾರ ಅವರ ಮನೆಗೆ ಹೋದೆ. ಅಡಿಕೆ ಧಾರಣೆ, ಮಕ್ಕಳ ಸುದ್ದಿ, ಮಂಡಿ ನೋವು ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ: “ಮಾಸ್ಟ್ರೇ, ನಿಮಗೆ ಈ ಸಂಶಯ ಯಾವಾಗ ಶುರುವಾಯ್ತು?”

ಉತ್ತರ ಯಂತ್ರದ ಬಗ್ಗೆ ಇರಲಿಲ್ಲ. ಹಿಂದೊಂದು ಚುನಾವಣೆಯಲ್ಲಿ ಅವರು ಪತ್ನಿಯೊಂದಿಗೆ ಬೂತಿಗೆ ಹೋಗಿದ್ದರು. ನಲವತ್ತು ವರ್ಷ ಓಟು ಹಾಕಿದ ಬೂತು. ಪಟ್ಟಿಯಲ್ಲಿ ಪತ್ನಿಯ ಹೆಸರೇ ಇಲ್ಲ. ಕೇಳಿದರೆ ಆಚೆ ಹೋಗಿ ಎಂದರು, ಆಚೆ ಹೋದರೆ ಈಚೆ ಎಂದರು. ಬಿಸಿಲಿನಲ್ಲಿ ನಿಂತು ಇಬ್ಬರೂ ಹಿಂದೆ ಬಂದರು. “ಹೇಳದೆ ಕೇಳದೆ ಹೆಸರು ತೆಗೆಯಲಿಕ್ಕೆ ಆಗುವವರಿಗೆ, ಹಾಕಿದ ಓಟು ಬದಲಿಸಲಿಕ್ಕೆ ಎಷ್ಟು ಹೊತ್ತು?” ಎಂದರು.

ಇದಕ್ಕೆ ನಗುವುದು ಸರಿಯೇ? ಪಿತೂರಿಯ ಕಥೆಗಳ ಬುಡದಲ್ಲಿ ಅನೇಕ ಸಲ ಇಂಥ ಒಂದು ನಿಜವಾದ ನೋವು ಇರುತ್ತದೆ. ಅದರ ಮೇಲೆ ಕಥೆ ಬಳ್ಳಿಯಂತೆ ಹಬ್ಬುತ್ತದೆ. ನಾವು ಎಲೆ ಕೀಳುತ್ತಾ ಕೂರುತ್ತೇವೆ.

ಆಮೇಲೆ ಎರಡನೇ ಪ್ರಶ್ನೆ: “ನೀವು ಕೇಳಿದ ಎಲ್ಲದರಲ್ಲಿ ಅತಿ ಗಟ್ಟಿಯಾದದ್ದು ಯಾವುದು?” ಕೂಡಲೇ ಹೇಳಿದರು: “ನಮ್ಮ ಕಾಸರಗೋಡಿನಲ್ಲೇ ಸಿಕ್ಕಿಬಿದ್ದಿತಲ್ಲ!”

ಕಾಸರಗೋಡಿನಲ್ಲಿ ನಡೆದದ್ದು

ಅವರು ಹೇಳಿದ್ದು ಗಾಳಿಮಾತಲ್ಲ. 2024ರ ಲೋಕಸಭಾ ಚುನಾವಣೆಗೆ ಯಂತ್ರಗಳನ್ನು ಸಿದ್ಧಪಡಿಸುವಾಗ, ಏಪ್ರಿಲ್ 17ರಂದು ಇಲ್ಲಿ ಅಣಕು ಮತದಾನ ನಡೆಯಿತು. ಕೆಲವು ವಿವಿಪ್ಯಾಟ್ ಯಂತ್ರಗಳಿಂದ ಬಿಜೆಪಿಯ ಚಿಹ್ನೆಯ ಒಂದು ಚೀಟಿ ಹೆಚ್ಚಾಗಿ ಬಂತೆಂದು ಅಲ್ಲಿ ಕುಳಿತಿದ್ದ ಬೇರೆ ಪಕ್ಷಗಳ ಏಜೆಂಟರು ದೂರಿದರು. ಮರುದಿನವೇ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಸ್ತಾಪಿಸಲಾಯಿತು. ನ್ಯಾಯಾಲಯ ವಿಚಾರಿಸಲು ಹೇಳಿತು. ಜಿಲ್ಲಾಧಿಕಾರಿಗಳಿಂದ ವರದಿ ತರಿಸಿಕೊಂಡ ಚುನಾವಣಾ ಆಯೋಗ, ಹೆಚ್ಚು ಮತ ಬಿತ್ತೆಂಬ ಸುದ್ದಿ ತಪ್ಪು ಎಂದು ತಿಳಿಸಿತು. ಅದು ಯಂತ್ರ ಸಿದ್ಧಪಡಿಸುವಾಗ ಬರುವ ಪರೀಕ್ಷಾ ಚೀಟಿ, ಎಣಿಕೆಗೆ ಸೇರತಕ್ಕದ್ದಲ್ಲ ಎಂದು ಅದರ ಮೇಲೆಯೇ ಮುದ್ರಿತವಾಗಿತ್ತು ಎಂಬುದು ಅಧಿಕಾರಿಗಳ ವಿವರಣೆ.

ಜೂನ್ 4ರ ಎಣಿಕೆಯಲ್ಲಿ ಇಲ್ಲಿ ಗೆದ್ದದ್ದು ಕಾಂಗ್ರೆಸ್, ಸುಮಾರು ಒಂದು ಲಕ್ಷ ಮತಗಳ ಅಂತರದಿಂದ. ಎರಡನೆಯದು ಸಿಪಿಎಂ. ಹೆಚ್ಚುವರಿ ಮತ ಬಿತ್ತೆನ್ನಲಾದ ಪಕ್ಷ ಮೂರನೆಯದು.

ಇದನ್ನು ಹೇಳಿದಾಗ ಮಾಸ್ಟ್ರು ಬಿಡಲಿಲ್ಲ. “ಅದು ಸಂಶಯ ಬಾರದ ಹಾಗೆ ಬೇಕೆಂದೇ ಬಿಟ್ಟುಕೊಟ್ಟದ್ದು.” ಆಗ ನಾನು ವಾದ ಮಾಡದೆ ಕೇಳಿದೆ: “ಮಾಸ್ಟ್ರೇ, ಗೆದ್ದರೆ ಮೋಸ, ಸೋತರೆ ಮೋಸ ಮುಚ್ಚುವ ಉಪಾಯ. ಹಾಗಾದರೆ ಮೋಸ ನಡೆದಿಲ್ಲ ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ? ಏನು ಕಂಡರೆ ಒಪ್ಪುತ್ತೀರಿ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನೇ ನೋಡಬೇಕು” ಎಂದರು. ಒಳ್ಳೆಯ ಉತ್ತರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿದ್ದಾರೆ.

ನೋಡಲು ಏನೇನು ಉಂಟು

ಕಾಗದವೊಂದರ ಮೇಲೆ ಬರೆದು ತೋರಿಸಿದೆ. ನಿಮಗೂ ಉಪಯೋಗವಾದೀತು.

ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಪ್ರತಿ ಬೂತಿನಲ್ಲೂ ಅಭ್ಯರ್ಥಿಗಳ ಏಜೆಂಟರ ಎದುರಲ್ಲೇ ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಹಾಕಿ, ಯಂತ್ರದ ಲೆಕ್ಕವನ್ನೂ ವಿವಿಪ್ಯಾಟ್ ಚೀಟಿಗಳನ್ನೂ ತಾಳೆ ನೋಡಿ, ಆ ಮತಗಳನ್ನು ಅಳಿಸಿ, ಯಂತ್ರಕ್ಕೆ ಸೀಲು ಹಾಕುತ್ತಾರೆ. ಸೀಲಿನ ಮೇಲೆ ಏಜೆಂಟರೂ ಸಹಿ ಮಾಡಬಹುದು.

ನೀವು ಗುಂಡಿ ಒತ್ತಿದಾಗ ನಿಮ್ಮ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣುತ್ತದೆ. ಆಮೇಲೆ ಪೆಟ್ಟಿಗೆಯೊಳಗೆ ಬೀಳುತ್ತದೆ. ನೋಡದೆ ಹೊರಟುಬಿಡುವವರೇ ನಮ್ಮಲ್ಲಿ ಹೆಚ್ಚು. ನಿಂತು ನೋಡಿ.

ಸಂಜೆ ಮತದಾನ ಮುಗಿದಾಗ ಒಟ್ಟು ಎಷ್ಟು ಮತ ಬಿತ್ತೆಂಬ ಲೆಕ್ಕವನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಅದೇ ಬೂತಿನ ಯಂತ್ರದ ಮೊತ್ತ ಅದಕ್ಕೆ ಹೊಂದಬೇಕು. ಜೊತೆಗೆ 2019ರ ಏಪ್ರಿಲ್ 8ರ ಸುಪ್ರೀಂ ಕೋರ್ಟ್ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಬೂತುಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಲ್ಲಿ ಎಣಿಸುತ್ತಾರೆ.

ಇನ್ನೊಂದು ತೀರ್ಪು 2024ರ ಏಪ್ರಿಲ್ 26ರಂದು ಬಂತು. ಕಾಸರಗೋಡಿನಲ್ಲಿ ನಾವು ಮತದಾನಕ್ಕೆ ಸಾಲು ನಿಂತ ದಿನವೇ ಅದು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ ವಿವಿಪ್ಯಾಟಿಗೆ ಚಿಹ್ನೆ ತುಂಬಿಸುವ ಸಾಧನವನ್ನು ಫಲಿತಾಂಶದ ನಂತರ 45 ದಿನ ಸೀಲು ಮಾಡಿ ಇಡಬೇಕು, ಎರಡನೇ ಮೂರನೇ ಸ್ಥಾನದವರು ಕೇಳಿದರೆ ಶೇ. 5ರಷ್ಟು ಯಂತ್ರಗಳನ್ನು ಎಂಜಿನಿಯರುಗಳಿಂದ ಪರೀಕ್ಷೆ ಮಾಡಿಸಬೇಕು ಎಂದಿತು. ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಲಿಕ್ಕೂ 45 ದಿನವೇ ಗಡುವು.

ಯಂತ್ರ ದೇವರಲ್ಲ

ಮಾಸ್ಟ್ರು ಹೇಳಿದ್ದರಲ್ಲಿ ಒಪ್ಪಬೇಕಾದದ್ದನ್ನು ಒಪ್ಪಿದೆ. ಇಲ್ಲದಿದ್ದರೆ ನಾನು ಹೇಳಿದ್ದನ್ನು ಅವರು ಯಾಕೆ ಒಪ್ಪಬೇಕು?

ಯಂತ್ರ ಕೈಗೆ ಸಿಕ್ಕಿದರೆ ಅದನ್ನು ತಿದ್ದಬಹುದೆಂದು 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್ ಮತ್ತು ವಿದೇಶದ ಇಬ್ಬರು ತಜ್ಞರು ಮಾಡಿ ತೋರಿಸಿದರು. ವಿವಿಪ್ಯಾಟ್ ಬಂದದ್ದು ಅದರ ನಂತರ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಸಿದರು, 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಬೂತುಗಳಿಗೂ ಬಂತು. ಪ್ರಶ್ನೆ ಕೇಳಿದವರಿಂದಲೇ ವ್ಯವಸ್ಥೆ ಬಿಗಿಯಾಗಿದೆ.

ತಪ್ಪುಗಳೂ ಆಗುತ್ತವೆ. ಅಣಕು ಮತದಾನ ಮುಗಿದಾಗ ಕ್ಲೋಸ್, ರಿಸಲ್ಟ್, ಕ್ಲಿಯರ್ ಎಂಬ ಮೂರು ಗುಂಡಿಗಳನ್ನು ಕ್ರಮವಾಗಿ ಒತ್ತಬೇಕು. ಹಿಂದಿನ ದಿನದಿಂದ ಸರಿಯಾದ ಊಟ ನಿದ್ರೆ ಇಲ್ಲದ ಅಧಿಕಾರಿ ಕೊನೆಯದನ್ನು ಮರೆತರೆ ಆ 50 ಮತಗಳು ಒಳಗೇ ಉಳಿಯುತ್ತವೆ. ಎಣಿಕೆಯ ದಿನ ಲೆಕ್ಕ ಹೊಂದುವುದಿಲ್ಲ. ಹೊರಗಿನವರಿಗೆ ಅದು ಪಿತೂರಿಯಂತೆ ಕಾಣುತ್ತದೆ. ಡ್ಯೂಟಿ ಮಾಡಿದವನಿಗೆ ಅದು ಮರೆವು ಎಂದು ಗೊತ್ತು. ನಮೂನೆ 17ಸಿ ಇರುವುದರಿಂದಲೇ ಅದು ಸಿಕ್ಕಿಬೀಳುತ್ತದೆ.

ನಿಜವಾದ ಮೋಸವೂ ನಡೆದದ್ದುಂಟು. 2024ರ ಜನವರಿ 30ರಂದು ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಚುನಾವಣಾಧಿಕಾರಿಯೇ ಮತಪತ್ರಗಳ ಮೇಲೆ ಗುರುತು ಹಾಕಿ 8 ಮತಗಳನ್ನು ಅಸಿಂಧು ಮಾಡಿದರು. ಅದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಸುಪ್ರೀಂ ಕೋರ್ಟ್ ಮತಪತ್ರಗಳನ್ನು ತರಿಸಿ ನೋಡಿ, ಫೆಬ್ರವರಿ 20ರಂದು ಫಲಿತಾಂಶವನ್ನೇ ಬದಲಿಸಿತು. ಅಲ್ಲಿ ಇದ್ದದ್ದು ಯಂತ್ರವಲ್ಲ, ಕಾಗದ. ಮೋಸ ಸಾಬೀತಾದದ್ದು ವೀಡಿಯೊ, ಮತಪತ್ರ, ವಿಚಾರಣೆಯಿಂದ. ಹೀಗೆ ಕೈಗೆ ಸಿಗುವ ಪುರಾವೆ ಇದ್ದರೆ ನಾವೂ ಮಾಸ್ಟ್ರ ಜೊತೆ ನಿಲ್ಲಬೇಕಾದವರೇ.

ಸೋತವರ ಕಾಯಿಲೆ

ಒಂದು ಪಕ್ಷದವರೇ ಹೀಗೆ ಹೇಳುವುದು ಎಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ಮತಯಂತ್ರ ಮೊದಲು ಬಂದದ್ದು ಕೇರಳದ ಪರವೂರಿಗೆ, 1982ರ ಮೇ 19ರಂದು, 50 ಬೂತುಗಳಲ್ಲಿ. ಚುನಾವಣೆಗೆ ಮೊದಲು ಯಂತ್ರ ಬೇಡವೆಂದು ನ್ಯಾಯಾಲಯಕ್ಕೆ ಹೋದ ಸಿಪಿಐ ಅಭ್ಯರ್ಥಿಯೇ 123 ಮತಗಳಿಂದ ಗೆದ್ದರು. ಆಗ ಸೋತ ಕಾಂಗ್ರೆಸ್ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಬೂತುಗಳಲ್ಲಿ ಮರುಮತದಾನ ಮಾಡಿಸಿತು. ಕಾನೂನು ತಿದ್ದುಪಡಿಯಾದದ್ದು ಆಮೇಲೆ.

2009ರ ಸೋಲಿನ ನಂತರ ಯಂತ್ರದ ಮೇಲೆ ಸಂಶಯ ಹೇಳಿದ್ದು ಬಿಜೆಪಿ. ಈಚಿನ ವರ್ಷಗಳಲ್ಲಿ ಹೇಳುತ್ತಿರುವುದು ಕಾಂಗ್ರೆಸ್ ಮತ್ತು ಇತರರು. ಆದೋನಿ, ಮಡಕಶಿರಾ ಕಡೆಯ ನಮ್ಮ ಸದಸ್ಯರು ಎರಡೂ ಬದಿ ಕಂಡಿದ್ದಾರೆ: 2019ರಲ್ಲಿ ಚಂದ್ರಬಾಬು ನಾಯ್ಡು ಅವರಿಗೆ ಸಂಶಯ, 2024ರಲ್ಲಿ ಸೋತ ಮೇಲೆ ಜಗನ್ ಅವರಿಗೆ ಸಂಶಯ. ಗೆದ್ದ ವರ್ಷ ಯಾರಿಗೂ ಯಂತ್ರ ನೆನಪಾಗುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು.

ಸೊಲ್ಲಾಪುರದವರಿಗೆ ಮಾರ್ಕಡವಾಡಿ ಗೊತ್ತು. 2024ರ ವಿಧಾನಸಭಾ ಚುನಾವಣೆಯಲ್ಲಿ ಮಾಳಶಿರಸ ಕ್ಷೇತ್ರದಲ್ಲಿ ಗೆದ್ದ ಅಭ್ಯರ್ಥಿಗೆ ಈ ಹಳ್ಳಿಯಲ್ಲಿ ಮಾತ್ರ ಎದುರಾಳಿಗಿಂತ ಕಡಿಮೆ ಮತ ಬಂತು. ಹಾಗಾಗಲು ಸಾಧ್ಯವೇ ಇಲ್ಲವೆಂದು ಅವರ ಬೆಂಬಲಿಗರು ಡಿಸೆಂಬರ್ 3ರಂದು ತಾವೇ ಮತಪತ್ರ ತಂದು ಓಟು ನಡೆಸಲು ಹೊರಟರು. ಪೊಲೀಸರು ತಡೆದರು, ಹಲವರ ಮೇಲೆ ಕೇಸು ಬಿತ್ತು. ಮಹಾರಾಷ್ಟ್ರದ 288 ಕ್ಷೇತ್ರಗಳಲ್ಲಿ ತಲಾ 5ರಂತೆ 1440 ವಿವಿಪ್ಯಾಟ್‌ಗಳ ಚೀಟಿ ಎಣಿಸಿದ್ದೇವೆ, ವ್ಯತ್ಯಾಸ ಕಂಡಿಲ್ಲ ಎಂದು ಆಯೋಗ ಹೇಳಿತು. ಆದರೆ ಆ ಹಳ್ಳಿಯವರಿಗೆ ಬೇಕಾಗಿದ್ದದ್ದು ತಮ್ಮ ಊರಿನ ಲೆಕ್ಕ. ಅದನ್ನು ಎದುರು ಕೂತು ವಿವರಿಸುವವರು ಸಿಗದಿದ್ದರೆ ಸಂಶಯ ಹಾಗೆಯೇ ಉಳಿಯುತ್ತದೆ.

ದೂರು ಬೇರೆ, ಪಿತೂರಿ ಬೇರೆ

ಗಡಿನಾಡ ಕನ್ನಡಿಗರಾದ ನಮಗೆ ಸಂಶಯ ಬೇಗ ಹತ್ತುತ್ತದೆ. ಅದಕ್ಕೆ ಕಾರಣವೂ ಉಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಜಾರಿಯಾಗಲಿಲ್ಲ. ಅಕ್ಕಲಕೋಟೆ, ಜತ್ತದ ವಿಚಾರವೂ ಅದೇ ವರದಿಯಲ್ಲಿ ಉಂಟು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದಾಗ ಪೋಷಕರು ಬೀದಿಗಿಳಿದದ್ದನ್ನೂ ಕಂಡಿದ್ದೇವೆ.

ಇವು ದೂರುಗಳು. ದೂರಿಗೆ ದಿನಾಂಕ ಇರುತ್ತದೆ, ಆದೇಶದ ಸಂಖ್ಯೆ ಇರುತ್ತದೆ, ಉತ್ತರ ಕೊಡಬೇಕಾದ ಅಧಿಕಾರಿ ಇರುತ್ತಾರೆ. ಪಿತೂರಿಯ ಕಥೆಯಲ್ಲಿ ಇರುವುದು “ಅವರು” ಮಾತ್ರ. “ಅವರು” ಎಲ್ಲಿ ಕೂತಿದ್ದಾರೆ, ಯಾವ ವಿಳಾಸಕ್ಕೆ ಅರ್ಜಿ ಬರೆಯಬೇಕು ಎಂದು ಯಾರಿಗೂ ಗೊತ್ತಿಲ್ಲ. ದೂರು ಮನುಷ್ಯನನ್ನು ಕಚೇರಿಗೆ ಕರೆದೊಯ್ಯುತ್ತದೆ. ಪಿತೂರಿಯ ಕಥೆ ಮನೆಯಲ್ಲೇ ಕೂರಿಸುತ್ತದೆ. ಮಾಸ್ಟ್ರ ವಿಷಯದಲ್ಲಿ ಆದದ್ದು ಅದೇ. ಪತ್ನಿಯ ಹೆಸರು ಹೋದದ್ದು ದೂರು. ಅದನ್ನು ಯಾರೂ ತೆಗೆದುಕೊಳ್ಳದ ಕಾರಣ ಅದು ಪಿತೂರಿಯಾಗಿ ಬೆಳೆಯಿತು.

ಆದ್ದರಿಂದ ನಾವು ಮೊದಲು ಮಾಡಿದ ಕೆಲಸ ಯಂತ್ರದ ಚರ್ಚೆಯಲ್ಲ. ಹೆಸರು ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8, ತಪ್ಪಾಗಿ ಸೇರಿದ ಹೆಸರಿಗೆ ಆಕ್ಷೇಪ ಹೇಳಲು ನಮೂನೆ 7. ಅವರ ಪತ್ನಿಗಾಗಿ ನಮೂನೆ 6 ತುಂಬಿ, ಬೂತ್ ಮಟ್ಟದ ಅಧಿಕಾರಿಗೆ ಕೊಟ್ಟು, ರಶೀದಿ ಪಡೆದೆವು.

ಮಾತಿಗೆ ಕೂರುವಾಗ

ನನ್ನ ಅನುಭವದ ನಾಲ್ಕು ಮಾತು:

1. ಗುಂಪಿನಲ್ಲಿ ಬೇಡ. ನಾಲ್ಕು ಜನರ ಎದುರು ಯಾರೂ ತಪ್ಪೊಪ್ಪುವುದಿಲ್ಲ. ಮನೆಗೆ ಹೋಗಿ, ಒಬ್ಬರೇ ಹೋಗಿ.

2. ಎಲ್ಲದಕ್ಕೂ ಉತ್ತರ ಕೊಡಲು ಹೋಗಬೇಡಿ. ಅವರಿಗೆ ಅತಿ ಗಟ್ಟಿ ಅನಿಸಿದ ಒಂದನ್ನು ಕೇಳಿ, ಅದಕ್ಕೆ ಮಾತ್ರ ವಿವರವಾಗಿ ಹೇಳಿ. 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, ಪಿತೂರಿ ನಂಬಿದವರು ಕೊಟ್ಟ ಕಾರಣಕ್ಕೇ ನೇರವಾದ ಪುರಾವೆಯನ್ನು ಗಣಕಯಂತ್ರವೊಂದು ತಾಳ್ಮೆಯಿಂದ ಕೊಟ್ಟಾಗ ನಂಬಿಕೆ ಸರಾಸರಿ ಶೇ. 20ರಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಹಾಗೇ ಇತ್ತು. ತಾಳ್ಮೆ ಇದ್ದರೆ ಅದನ್ನೇ ಮನುಷ್ಯರಾದ ನಾವೂ ಮಾಡಬಹುದು. ಇಳಿದದ್ದು ಶೇ. 20 ಮಾತ್ರ ಎಂಬುದನ್ನೂ ನೆನಪಿಡಿ. ಒಂದೇ ದಿನದಲ್ಲಿ ಮನಸ್ಸು ಬದಲಾಗುವುದಿಲ್ಲ.

3. ಸುಳ್ಳನ್ನು ತಮಾಷೆಗೂ ಮುಂದೆ ಕಳುಹಿಸಬೇಡಿ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂದು 1977ರಲ್ಲೇ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ.

4. ನಿಮ್ಮ ಪಕ್ಷ ಗೆದ್ದ ವರ್ಷವೂ ಇದೇ ಮಾತು ಹೇಳುತ್ತೀರಾ ಎಂದು ನಿಮ್ಮನ್ನು ನೀವೇ ಕೇಳಿಕೊಂಡು ಹೊರಡಿ.

ಒಂದು ಓಟಿನ ಬೆಲೆ

ಇಷ್ಟೆಲ್ಲ ಶ್ರಮ ಯಾಕೆ ಎಂದು ಕೇಳಬಹುದು. ಕನ್ನಡಿಗರು ಹೆಚ್ಚಾಗಿರುವ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆಯ ಗೆಲುವಿನ ಅಂತರ 89 ಮತ. 2021ರಲ್ಲಿ 745. ಯಾರು ಗೆದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಕನ್ನಡಿಗರ ಹತ್ತು ಮನೆ ಓಟಿಗೆ ಹೋಗದಿದ್ದರೂ ಗೊತ್ತಾಗುವಷ್ಟು ಸಣ್ಣ ಅಂತರ ಅದು. ಓಟೇ ಹಾಕದವರ ಶಾಲೆಯ ವಿಚಾರ, ನಾಮಫಲಕದ ವಿಚಾರ ಕೇಳಲಿಕ್ಕೆ ಯಾವ ಪಕ್ಷದವರೂ ಬರುವುದಿಲ್ಲ.

ಮಾಸ್ಟ್ರ ಸಂಶಯ ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ವಿವಿಪ್ಯಾಟ್ ಚೀಟಿಗಳನ್ನು ಎಲ್ಲ ಬೂತುಗಳಲ್ಲೂ ಎಣಿಸಬೇಕು ಎಂದು ಈಗಲೂ ಹೇಳುತ್ತಾರೆ. ಅದು ಪಿತೂರಿಯ ಮಾತಲ್ಲ, ಒಂದು ಬೇಡಿಕೆ. ಅದನ್ನು ಬರೆದು ಕಳುಹಿಸಲಿಕ್ಕೆ ಜಾಗವೂ ಉಂಟು. ಕಳೆದ ಸಭೆಗೆ ಅವರು ಬಂದರು, ಹಿಂದಿನ ಬೆಂಚಿನಲ್ಲಿ ಕೂತರು. ಅಂದು ನಕ್ಕ ಹುಡುಗರಲ್ಲಿ ಒಬ್ಬ ಎದ್ದು ಹೋಗಿ ಅವರಿಗೆ ಚಹಾ ಕೊಟ್ಟ. ಪತ್ನಿಯ ಹೆಸರು ಪಟ್ಟಿಗೆ ಬಂದಿದೆಯೆಂದು ಹೇಳಿ ಫೋನಿನಲ್ಲಿ ತೋರಿಸಿದರು. “ಏಳು ಸೆಕೆಂಡು ನಿಂತು ನೋಡ್ತೇನೆ. ಆಮೇಲೆ ಹೇಳ್ತೇನೆ” ಎಂದರು.

ಮುಂದಿನ ಮಾಸಿಕ ಸಭೆಗೆ ಬರುವಾಗ ಎಲ್ಲರೂ ತಮ್ಮ ಮತದಾರರ ಗುರುತಿನ ಚೀಟಿ ತನ್ನಿ. ಮನೆಯವರೆಲ್ಲರ ಹೆಸರು ಪಟ್ಟಿಯಲ್ಲಿ ಉಂಟೋ, ಕಾಗುಣಿತ ಸರಿ ಉಂಟೋ ಎಂದು ಒಟ್ಟಿಗೆ ಕೂತು ನೋಡೋಣ. ಬೇರೆ ಊರುಗಳ ಘಟಕಗಳೂ ಹೀಗೆ ಮಾಡಿದರೆ ಒಳ್ಳೆಯದು. ಸಂಶಯವಿರುವವರನ್ನು ಮೊದಲು ಕರೆಯಿರಿ.

— ಕಾರ್ಯದರ್ಶಿ